ವಾಯಿದೆಗೊಂದು ದಿನದ ಕೂಲಿ

ಬಳ್ಳಾರಿಯಲ್ಲಿ ವಿಚ್ಛೇದನಕ್ಕೆಂದು ವಕೀಲರ ಕಚೇರಿ ಮೆಟ್ಟಿಲು ಹತ್ತಿದವರು ಕೇಸು ಗೆಲ್ಲುತ್ತದೆಯೇ ಎಂದು ಕೇಳುವುದು ಆಮೇಲೆ. ಮೊದಲ ಪ್ರಶ್ನೆ, “ಎಷ್ಟು ಖರ್ಚಾಗ್ತೈತಿ ಸಾರ್?” ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಹಾಕುವವಳಾಗಲಿ, ಕುರುಗೋಡು ಕಡೆಯ ಮೆಣಸಿನಕಾಯಿ ರೈತನಾಗಲಿ, ಊರೊಳಗೇ ಇರುವ ಕೌಲ್ ಬಜಾರಿನಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವವನಾಗಲಿ ಕೇಳುವುದು ಇದನ್ನೇ. ಪ್ರಾಮಾಣಿಕ ವಕೀಲರೂ ಇದಕ್ಕೆ ಇಂತಿಷ್ಟೇ ಎಂದು ಹೇಳಲಾರರು. ಅರ್ಜಿಯ ಕೋರ್ಟ್ ಶುಲ್ಕ ಹೇಳಬಹುದು, ಅದು ತೀರಾ ಅಲ್ಪ. ಟೈಪಿಂಗ್, ಜೆರಾಕ್ಸ್, ನೋಟರಿ, ವಕಾಲತ್ತಿನ ಖರ್ಚು ಹೇಳಬಹುದು. ತಮ್ಮ ಫೀಸು ಹೇಳಿ, ಕಂತಿನಲ್ಲಿ ಕೊಡಿ ಎನ್ನಬಹುದು. ಹೇಳಲಾಗದ್ದು ಎಷ್ಟು ವಾಯಿದೆ ಬೀಳುತ್ತವೆ ಎಂಬುದು. ದೊಡ್ಡ ಖರ್ಚೆಲ್ಲ ಇರುವುದು ಅಲ್ಲೇ.

ಒಂದು ಲೆಕ್ಕ ಹಾಕೋಣ. ಸಿರುಗುಪ್ಪ ತಾಲೂಕಿನ ಒಬ್ಬ ಹೆಣ್ಣುಮಗಳ ಕೇಸು ಬಳ್ಳಾರಿಯಲ್ಲಿದೆ, ತಿಂಗಳಿಗೊಂದರಂತೆ ಎರಡು ವರ್ಷ ನಡೆಯಿತು ಎಂದಿಟ್ಟುಕೊಳ್ಳಿ. ಇಪ್ಪತ್ತನಾಲ್ಕು ವಾಯಿದೆ. ಒಬ್ಬಳೇ ಕೋರ್ಟಿಗೆ ಹೋಗುವ ರೂಢಿ ನಮ್ಮಲ್ಲಿಲ್ಲ, ಅಣ್ಣನೋ ಅಪ್ಪನೋ ಜೊತೆಗಿರಬೇಕು. ಇಬ್ಬರಿಗೂ ಅಂದಿನ ಕೆಲಸ ಹೋಯಿತು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2024-25ರಲ್ಲಿ ನಿಗದಿಯಾಗಿದ್ದ ದಿನಗೂಲಿ 349 ರೂಪಾಯಿ. ಅದನ್ನೇ ಹಿಡಿದರೂ ನಲವತ್ತೆಂಟು ಆಳಿನ ಕೂಲಿ 16,752 ರೂಪಾಯಿ ಆಗುತ್ತದೆ. ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರದಂತೆ ಕೊಡುವ ಗೃಹಲಕ್ಷ್ಮಿಯ ಎಂಟು ತಿಂಗಳ ಹಣಕ್ಕಿಂತ ಹೆಚ್ಚು. ಇದರಲ್ಲಿ ವಕೀಲರ ಫೀಸು ಇಲ್ಲ, ಊಟ-ಚಹಾ ಇಲ್ಲ, ಮಗುವನ್ನು ನೋಡಿಕೊಳ್ಳಲು ಅತ್ತಿಗೆ ಮನೆಯಲ್ಲೇ ಉಳಿದು ಕಳೆದುಕೊಂಡ ಕೂಲಿಯೂ ಇಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಹಣ ಉಳಿದಿದೆ. ಐವತ್ತಕ್ಕೂ ಹೆಚ್ಚು ಕಿಲೋಮೀಟರಿನ ದಾರಿಯಲ್ಲಿ ಅದು ಸಣ್ಣ ಉಪಕಾರವಲ್ಲ, ಕೋರ್ಟಿಗೆ ಹೋಗಿಬರುವ ಹೆಂಗಸರಿಗೆ ಸರ್ಕಾರ ಮಾಡಿದ ಅತಿ ದೊಡ್ಡ ಸಹಾಯ ಬಹುಶಃ ಅದೇ. ಆದರೆ ಜೊತೆಗೆ ಬಂದ ಅಣ್ಣ ಟಿಕೆಟ್ ತೆಗೆಸಲೇಬೇಕು.

ತಿಂಗಳ ಸಂಬಳದವನು ಒಂದು ದಿನ ರಜೆ ಹಾಕಿ ಕೋರ್ಟಿಗೆ ಹೋದರೆ ಅವನ ಸಂಬಳಕ್ಕೆ ಕತ್ತರಿ ಬೀಳುವುದಿಲ್ಲ. ಕೂಲಿಯವನಿಗೆ ಪ್ರತಿ ವಾಯಿದೆಯೂ ದಂಡ. ನಾಟಿ ಕಾಲದಲ್ಲಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಗುಂಪಿನಿಂದ ಒಂದು ದಿನ ತಪ್ಪಿಸಿಕೊಂಡವಳನ್ನು ಮರುದಿನ ಮೇಸ್ತ್ರಿ ಕರೆಯುವ ಖಾತ್ರಿಯಿಲ್ಲ. ಹೀಗಾಗಿ ಒಂದೇ ಕಾನೂನು, ಒಂದೇ ನ್ಯಾಯಾಲಯ, ಒಂದೇ ಅರ್ಜಿಗೆ ಎರಡು ದರ ಏರ್ಪಟ್ಟಿದೆ. ಬಡವರ ದರ ಹೆಚ್ಚು. ವಿಚ್ಛೇದನ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಯಾರಿಗೆ ದುಬಾರಿ, ಯಾವ ಕಾರಣಕ್ಕೆ ದುಬಾರಿ, ಆ ದುಬಾರಿತನದಿಂದ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ.

ಇಷ್ಟು ಕಾಲ ಹಿಡಿಯಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. ಹಿಂದೂ ವಿವಾಹ ಕಾಯ್ದೆಯ 21ಬಿ ಕಲಮು, ಎದುರುದಾರರಿಗೆ ನೋಟಿಸು ಮುಟ್ಟಿದ ದಿನದಿಂದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ. ಕೇಸು ನಡೆಯುವಾಗಿನ ಮಧ್ಯಂತರ ಜೀವನಾಂಶ ಮತ್ತು ದಾವೆ ಖರ್ಚಿನ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ ಅರವತ್ತು ದಿನದಲ್ಲಿ ತೀರ್ಮಾನಿಸಬೇಕು ಎಂದು 2001ರ ತಿದ್ದುಪಡಿ ಹೇಳಿತು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರಲ್ಲಿ ಬಂದಾಗ, ಗಂಡ ಹೆಂಡಿರ ಜಗಳ ಆಸ್ತಿ ದಾವೆಯಂತೆ ಎಳೆಯಬಾರದು ಎಂಬುದೇ ಅದರ ಆಶಯವಾಗಿತ್ತು. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು ಎಂದು ಅದರ 13ನೇ ಕಲಮು ಹೇಳುತ್ತದೆ. ಸಾಮಾನ್ಯ ಜನ ತಾವೇ ನಿಂತು ತಮ್ಮ ಮಾತು ಹೇಳಿಕೊಳ್ಳಲಿ ಎಂದು. ಇವತ್ತು ಯಾವ ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೂ ವಕೀಲರಿಲ್ಲದೆ ನಿಂತವರು ಅಪರೂಪ.

ಕಾಲ ಎಲ್ಲಿ ಸೋರುತ್ತದೆ? ಹೆಚ್ಚಿನದು ಕೇಸು ಶುರುವಾಗುವ ಮೊದಲೇ, ನೋಟಿಸಿನಲ್ಲಿ. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಊರಿನ ವಿಳಾಸಕ್ಕೆ ಹೋದ ನೋಟಿಸು ‘ಮನೆ ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಮತ್ತೆ ಖರ್ಚು ಕಟ್ಟಿ ಮತ್ತೊಂದು ನೋಟಿಸು. ಅದೂ ಮುಟ್ಟದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ, ಅದರ ಹಣ ಅರ್ಜಿದಾರರದೇ. ಕೊನೆಗೆ ಆತ ಬಂದು ವಕಾಲತ್ತು ಹಾಕಿದ ಮೇಲೆ ತಕರಾರು ಸಲ್ಲಿಸಲು ಸಮಯ, ಮಧ್ಯಸ್ಥಿಕೆಗೆ ಸಮಯ, ಸಾಕ್ಷಿಗೆ ಸಮಯ, ಪಾಟೀಸವಾಲಿಗೆ ಸಮಯ. ನಡುವೆ ನ್ಯಾಯಾಧೀಶರ ವರ್ಗಾವಣೆ. ಇಷ್ಟರಲ್ಲಿ ಒಂದು ಕೇಸು ನಾಲ್ಕಾಗಿರುತ್ತದೆ. ವಿಚ್ಛೇದನದ ಅರ್ಜಿ ಒಂದು ಕಡೆ, ಜೀವನಾಂಶದ ಅರ್ಜಿ ಇನ್ನೊಂದು, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಮಗದೊಂದು, ಮಗು ಯಾರ ಬಳಿ ಇರಬೇಕೆಂಬುದಕ್ಕೆ ಬೇರೆ. ಪ್ರತಿಯೊಂದಕ್ಕೂ ಪ್ರತ್ಯೇಕ ವಾಯಿದೆ, ಬೇರೆ ಬೇರೆ ದಿನ. ಅಪೀಲಾದರೆ ಧಾರವಾಡ. 2013ರಲ್ಲಿ ಕಾಯಂ ಆದ ಅಲ್ಲಿನ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಶುರುವಾಗುವ ತನಕ ಬೆಂಗಳೂರಿಗೇ ಹೋಗಬೇಕಿದ್ದ ಬಳ್ಳಾರಿಯವರಿಗೆ ಅದು ಹತ್ತಿರವೇ ಸರಿ. ಆದರೂ ಇನ್ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ, ಬೇರೊಬ್ಬ ವಕೀಲ, ಬೇರೆ ಫೀಸು.

ಖರ್ಚು ಹೆಚ್ಚಿದ್ದರೆ ಒಳ್ಳೆಯದೇ, ಜನ ಸಣ್ಣ ಮಾತಿಗೆಲ್ಲ ಸಂಸಾರ ಮುರಿದುಕೊಳ್ಳುವುದಿಲ್ಲ ಎನ್ನುವ ವಾದವೊಂದಿದೆ. ನಮ್ಮ ಹಿರಿಯರಲ್ಲಿ ಬಹುಮಂದಿ ಒಳಗೊಳಗೇ ಹೀಗೇ ನಂಬಿದ್ದಾರೆ, ಕೆಲವು ವಕೀಲರೂ ನಂಬುತ್ತಾರೆ. ಅವರ ಕಾಳಜಿ ಸುಳ್ಳಲ್ಲ. ಮಕ್ಕಳ ಮುಖ ನೋಡಿ ಇನ್ನೊಂದು ವರ್ಷ ತಡೆದು, ಆಮೇಲೆ ಚೆನ್ನಾಗಿ ಬಾಳಿದ ಜೋಡಿಗಳು ಎಲ್ಲ ಊರಲ್ಲೂ ಇವೆ. ಆದರೆ ಅವರನ್ನು ಉಳಿಸಿದ್ದು ಮನೆಯವರ ಬುದ್ಧಿಮಾತು, ಕಾಲ, ಒಬ್ಬರಿಗೊಬ್ಬರ ಮೇಲೆ ಉಳಿದಿದ್ದ ಪ್ರೀತಿ. ವಕೀಲರ ಫೀಸು ಉಳಿಸಿದ್ದಲ್ಲ.

ಖರ್ಚಿಗೆ ಹೆದರಿದವರು ಏನು ಮಾಡುತ್ತಾರೆಂದು 2011ರ ಜನಗಣತಿ ತೋರಿಸಿದೆ. ದೇಶದಲ್ಲಿ ವಿಚ್ಛೇದನ ಪಡೆದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆ ಬೇರೆ ಇರುವವರು ಅದರ ಎರಡೂವರೆ ಪಟ್ಟು, ಸುಮಾರು 35 ಲಕ್ಷ. ಇವರ ಸಂಸಾರ ಉಳಿದಿಲ್ಲ, ಉಳಿದದ್ದು ದಾಖಲೆಯಲ್ಲಿನ ಮದುವೆ ಮಾತ್ರ. ಎಲ್ಲರೂ ಖರ್ಚಿನ ಕಾರಣಕ್ಕೇ ಹಾಗೆ ಉಳಿದರು ಎನ್ನಲಾಗದು, ಮಾನದ ಅಂಜಿಕೆಯೂ ಇದೆ, ಮತ್ತೆ ಕೂಡಿಯೇವೆಂಬ ಆಸೆಯೂ ಇದೆ. ಆದರೂ ನಮ್ಮ ಓಣಿಗಳಲ್ಲಿ “ತವರಿಗೆ ಬಂದು ಕುಂತಾಳ” ಎಂದು ಯಾರ ಬಗ್ಗೆ ಹೇಳುತ್ತಾರೋ ಅವರನ್ನು ವಿಚಾರಿಸಿ. ಕೋರ್ಟಿಗೆ ಯಾಕೆ ಹೋಗಲಿಲ್ಲ ಎಂದರೆ ಬರುವ ಮೊದಲ ಉತ್ತರ, “ಅಷ್ಟು ರೊಕ್ಕ ಎಲ್ಲಿಂದ ತರೋದು?”

ಹೀಗೆ ಕುಳಿತವಳ ಸ್ಥಿತಿ ವಿಧವೆಗಿಂತಲೂ ಅತಂತ್ರ. ಗೃಹಲಕ್ಷ್ಮಿಯ ಎರಡು ಸಾವಿರ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವಳಿಗೆ. ಗಂಡನ ಮನೆಯ ಚೀಟಿಯಲ್ಲಿ ಅತ್ತೆ ಯಜಮಾನಿ, ತವರಿನ ಚೀಟಿಯಲ್ಲಿ ಅವ್ವ ಅಥವಾ ಅತ್ತಿಗೆ. ಮನಸ್ವಿನಿ ಯೋಜನೆಯ ತಿಂಗಳ 800 ರೂಪಾಯಿ ನಲವತ್ತು ದಾಟಿದ, ಮದುವೆಯಾಗದ ಅಥವಾ ವಿಚ್ಛೇದನವಾದ ಬಡ ಹೆಂಗಸರಿಗೆ. ಇವಳು ಆ ಎರಡರಲ್ಲಿ ಯಾವುದೂ ಅಲ್ಲ. ಮಗುವಿನ ಶಾಲೆಯಲ್ಲಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಬ್ಯಾಂಕಿನಲ್ಲಿ ಗಂಡನ ದಾಖಲೆ ಕೇಳಿದಾಗಲೆಲ್ಲ ಅವಳು ಮತ್ತೆ ಆ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು.

ಬಡವನ ಪಾಲಿಗೆ ಬಿಡುಗಡೆಯ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದು ಇಂಗ್ಲೆಂಡಿಗೂ ಗೊತ್ತಿದ್ದ ಸಂಗತಿ. 1857ರ ತನಕ ಅಲ್ಲಿ ಪೂರ್ಣ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಿಂದ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಸಿಕೊಳ್ಳಬೇಕಿತ್ತು. ಒಂದೂವರೆ ಶತಮಾನದಲ್ಲಿ ಹಾಗೆ ಪಡೆದವರು ಮುನ್ನೂರು ಚಿಲ್ಲರೆ, ಬಹುಪಾಲು ಶ್ರೀಮಂತರು. 1845ರಲ್ಲಿ ಹೆಂಡತಿ ಬಿಟ್ಟುಹೋದ ಕೂಲಿಕಾರನೊಬ್ಬ ಇನ್ನೊಂದು ಮದುವೆಯಾಗಿ ದ್ವಿಪತ್ನಿತ್ವದ ಆಪಾದನೆಯ ಮೇಲೆ ನ್ಯಾಯಾಧೀಶ ಮೌಲ್ ಅವರ ಮುಂದೆ ನಿಂತ. ನೀನು ಹಾಯಬೇಕಿದ್ದ ನ್ಯಾಯಾಲಯಗಳು ಇವು, ಮಾಡಬೇಕಿದ್ದ ಖರ್ಚು ಇಷ್ಟು ಎಂದು ನ್ಯಾಯಾಧೀಶರು ಒಂದೊಂದಾಗಿ ಎಣಿಸಿದರು. ಅಷ್ಟು ಹಣವನ್ನು ಅವನು ಜೀವಮಾನದಲ್ಲಿ ಕಂಡಿರಲಾರ ಎಂಬುದು ಎಲ್ಲರಿಗೂ ತಿಳಿದಿತ್ತು. ಹನ್ನೆರಡು ವರ್ಷದ ಮೇಲೆ ಕಾಯ್ದೆ ಬದಲಾಯಿತು. ನಮ್ಮಲ್ಲಿ ಕಾಯ್ದೆ ಯಾವಾಗಲೋ ಬದಲಾಗಿದೆ. ಬದಲಾಗಬೇಕಿರುವುದು ಅದರ ಬಳಿಗೆ ಹೋಗುವ ದಾರಿ.

ಬಳ್ಳಾರಿಗಂತೂ ವಿಚ್ಛೇದನದ ಕಾಯ್ದೆ ಕನ್ನಡ ನಾಡಿನ ಎಷ್ಟೋ ಭಾಗಗಳಿಗಿಂತ ಮೊದಲೇ ಬಂತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಬಳ್ಳಾರಿ ಮದ್ರಾಸಿನ ಭಾಗ. 1949ರಲ್ಲಿಯೇ ಮದ್ರಾಸು ಹಿಂದೂಗಳಲ್ಲಿ ದ್ವಿಪತ್ನಿತ್ವ ತಡೆದು, ವಿಚ್ಛೇದನಕ್ಕೆ ಅವಕಾಶ ಕೊಡುವ ಕಾಯ್ದೆ ಮಾಡಿತ್ತು. ಹಳೆ ಮೈಸೂರಿನ ಹಿಂದೂಗಳು ಇಂಥದಕ್ಕೆ 1955ರ ಹಿಂದೂ ವಿವಾಹ ಕಾಯ್ದೆಯವರೆಗೆ ಕಾದರು. ಕಾಯ್ದೆಗೂ ಮೊದಲು ಇಲ್ಲಿನ ದುಡಿಯುವ ಜಾತಿಗಳಲ್ಲಿ ಬಿಡುಗಡೆ ಇರಲಿಲ್ಲವೆಂದಲ್ಲ. ದೈವದ (ಕುಲದ ಪಂಚಾಯ್ತಿಯ) ಹಿರಿಯರು ಕೂತು, ಕೊಟ್ಟ ತೆರ (ವಧುವಿಗಾಗಿ ತೆತ್ತ ಹಣ), ಹಾಕಿದ ಒಡವೆ ಲೆಕ್ಕ ಮಾಡಿ ಬಿಡಿಸುತ್ತಿದ್ದರು. ಆಮೇಲೆ ಉಡಿಕೆ, ಅಂದರೆ ಮರುಮದುವೆ, ಆಗಿ ಹೊಸ ಸಂಸಾರ ಕಟ್ಟಿಕೊಳ್ಳಬಹುದಿತ್ತು. ಹಿಂದೂ ಕೋಡ್ ಬಿಲ್ಲಿನ ಚರ್ಚೆಯಲ್ಲಿ ವಿಚ್ಛೇದನದಿಂದ ಧರ್ಮ ಮುಳುಗುತ್ತದೆ ಎಂದವರಿಗೆ ಅಂಬೇಡ್ಕರ್ ಇದನ್ನೇ ನೆನಪಿಸಿದ್ದರು. ಹಿಂದೂಗಳಲ್ಲಿ ಬಹುಪಾಲಾದ ಶೂದ್ರರಲ್ಲಿ ಬಿಡುಗಡೆಯ ರೂಢಿ ಮೊದಲಿನಿಂದ ಇದೆ ಎಂದು. 1955ರ ಕಾಯ್ದೆಯೂ ತನ್ನ 29ನೇ ಕಲಮಿನಲ್ಲಿ ರೂಢಿಯ ವಿಚ್ಛೇದನವನ್ನು ಕೈಬಿಡದೆ ಉಳಿಸಿಕೊಂಡಿತು.

ಆ ಹಳೆ ಪದ್ಧತಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಹಿರಿಯರ ಪಂಚಾಯ್ತಿಯಲ್ಲಿ ಕೂರುವವರು ಗಂಡಸರು. ತಪ್ಪು ಯಾರದಿದ್ದರೂ ಹೊಂದಿಕೊಂಡು ಹೋಗು ಎಂಬ ಮಾತು ಹೆಣ್ಣಿಗೇ. ಮಗು ಸಾಕುವ ಖರ್ಚು, ತಿಂಗಳ ಜೀವನಾಂಶ ಎಂಬ ವಿಚಾರ ಅಲ್ಲಿ ಬರುವುದೇ ಕಡಿಮೆ. ಆದರೂ ಜನ ಇವತ್ತಿಗೂ ಅಲ್ಲಿಗೇ ಹೋಗುತ್ತಾರೆ, ಯಾಕೆಂದರೆ ಅದು ಒಂದೆರಡು ದಿನದ ಮಾತು, ಊರಲ್ಲೇ ಮುಗಿಯುತ್ತದೆ. ಬಾಂಡ್ ಪೇಪರಿನ ಮೇಲೆ ‘ಇನ್ನು ಮುಂದೆ ನಮಗೂ ಇವರಿಗೂ ಸಂಬಂಧವಿಲ್ಲ’ ಎಂದು ಬರೆಸಿ, ಎರಡೂ ಕಡೆಯವರ ಸಹಿ, ನಾಲ್ಕು ಸಾಕ್ಷಿಗಳ ಹೆಬ್ಬೆಟ್ಟು, ನೋಟರಿಯ ಮುದ್ರೆ. ಮುದ್ರೆ ಇದೆಯೆಂದ ಮೇಲೆ ಕೋರ್ಟಿನದೇ ಎಂದು ಹಳ್ಳಿಯ ಮಂದಿ ನಂಬುತ್ತಾರೆ. ಅದು ವಿಚ್ಛೇದನವಲ್ಲ. ತಮ್ಮ ಸಮುದಾಯದಲ್ಲಿ ಇಂಥ ರೂಢಿ ಬಹುಕಾಲದಿಂದ ಇದೆ ಎಂದು ಕೋರ್ಟಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡು ಸಾಕ್ಷಿಯಿಂದ ಸಾಬೀತು ಮಾಡಿದರೆ ಮಾತ್ರ ಆ ಕಾಗದಕ್ಕೆ ಬೆಲೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಕರ್ನಾಟಕದ ಒಂದು ಪ್ರಕರಣದಲ್ಲೇ ಹೇಳಿದೆ.

ಆ ಅಗ್ಗದ ಕಾಗದದ ಬಾಕಿ ಇಪ್ಪತ್ತು ವರ್ಷದ ಮೇಲೆ ವಸೂಲಾಗುತ್ತದೆ. ಕಾಗದ ನಂಬಿ ಇಬ್ಬರೂ ಬೇರೆ ಮದುವೆಯಾಗಿರುತ್ತಾರೆ. ಕಾನೂನಿನ ಕಣ್ಣಿಗೆ ಆ ಮದುವೆ ಅಸಿಂಧು, ದೂರು ಬಂದರೆ ಅಪರಾಧ. ಎರಡನೆಯವಳು ಇಪ್ಪತ್ತು ವರ್ಷ ಜೊತೆಗೆ ದುಡಿದರೂ ಗಂಡ ಸತ್ತ ದಿನ ಅವಳ ಹೆಸರು ಪಹಣಿಯಲ್ಲಿ ಬರುವುದಿಲ್ಲ. ಅವನು ಸರ್ಕಾರಿ ನೌಕರನಾಗಿದ್ದರೆ ಕುಟುಂಬ ಪಿಂಚಣಿಗೆ ಮೊದಲನೆಯವಳು ಮುಂದೆ ಬರುತ್ತಾಳೆ, ಬರುವುದು ಅವಳ ಹಕ್ಕೂ ಹೌದು. ಮಕ್ಕಳ ವಿಷಯದಲ್ಲಿ 2023ರ ಸೆಪ್ಟೆಂಬರಿನಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ದೊಡ್ಡ ನ್ಯಾಯ ಮಾಡಿತು. ಅಸಿಂಧು ಮದುವೆಯ ಮಕ್ಕಳಿಗೂ ತಂದೆ-ತಾಯಿಯ ಆಸ್ತಿಯಲ್ಲಿ, ಕೂಡು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾದ ಪಾಲಿನಲ್ಲಿ ಹಕ್ಕಿದೆ ಎಂದಿತು. ಆದರೆ ಆ ಹಕ್ಕನ್ನು ಪಡೆಯಲು ಮಕ್ಕಳು ಪಾಲಿನ ದಾವೆ ಹೂಡಬೇಕು. ವಿಚ್ಛೇದನಕ್ಕೆ ಆಗುತ್ತಿದ್ದ ಖರ್ಚು ಉಳಿಯಿತು ಎಂದುಕೊಂಡದ್ದು ಉಳಿಯಲಿಲ್ಲ, ಮುಂದಿನ ತಲೆಮಾರಿನ ಹೆಸರಿಗೆ ವರ್ಗವಾಯಿತು.

ಜೀವನಾಂಶದ ಮಾತಿಗೆ ಬಂದರೆ ಜನರ ತಲೆಯಲ್ಲಿರುವ ಚಿತ್ರವೇ ಬೇರೆ. ತಿಂಗಳಿಗೆ ಆರು ಲಕ್ಷಕ್ಕೂ ಹೆಚ್ಚು ಜೀವನಾಂಶ ಕೇಳಿದ ಮಹಿಳೆಯ ಪರ ವಕೀಲರನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳು ತರಾಟೆಗೆ ತೆಗೆದುಕೊಂಡ ವಿಡಿಯೊ 2024ರ ಆಗಸ್ಟಿನಲ್ಲಿ ಎಲ್ಲರ ಮೊಬೈಲಿಗೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರರೊಬ್ಬರ ಆತ್ಮಹತ್ಯೆ ದೇಶವನ್ನೇ ಕಲಕಿತು. ಕೇಸುಗಳ ಭಾರಕ್ಕೆ ಗಂಡಸೂ ಕುಸಿಯುತ್ತಾನೆ ಎಂಬುದು ಆಗ ಬಹಳ ಜನರಿಗೆ ಅರಿವಾಯಿತು, ಅದು ಅರಿವಾಗಬೇಕಾದದ್ದೇ. ಲಾರಿ ಓಡಿಸುವವನು, ಎಪಿಎಂಸಿಯಲ್ಲಿ ಹಮಾಲಿ ಮಾಡುವವನು ವಾಯಿದೆಗೆ ಬಂದರೆ ಅವನ ಕೂಲಿಯೂ ಹೋಗುತ್ತದೆ. ಆದರೆ ಆರು ಲಕ್ಷದ ಆ ವಿಡಿಯೊ ಬಳ್ಳಾರಿಯ ಕೋರ್ಟಿನ ಆವರಣದ ಸತ್ಯವಲ್ಲ. ಇಲ್ಲಿ ಹೋರಾಟ ತಿಂಗಳ ಕೆಲವು ಸಾವಿರಗಳಿಗೆ, ಅದೂ ಕೈಗೆ ಬಂದಾಗ.

ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನ ಬಳಿಕ ಗಂಡ ಹೆಂಡಿರಿಬ್ಬರೂ ಆಸ್ತಿ-ಆದಾಯದ ಅಫಿಡವಿಟ್ ಕೊಡಬೇಕು. ಕೃಷಿಕರಿಗೆಂದೇ ಅದರ ನಮೂನೆ ಬೇರೆ. ಅದರಲ್ಲಿ ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಈ ವರ್ಷ ಯಾವ ಬೆಳೆ, ಹಸು ಎಮ್ಮೆ ಆಡು ಕೋಳಿ ಎಷ್ಟು, ಅದರಿಂದ ಬರುವ ಆದಾಯ ಎಷ್ಟು ಎಂದೆಲ್ಲ ಕೇಳಿದ್ದಾರೆ. ಯೋಚಿಸಿ ಮಾಡಿದ ನಮೂನೆ. ಅದನ್ನು ಸಿರುಗುಪ್ಪದ ಒಂದು ಮನೆಗೆ ಒಯ್ದು ನೋಡಿ. ತುಂಗಭದ್ರಾ ಕಾಲುವೆ ನೀರಿನ ಗದ್ದೆ, ಸೋನಾ ಮಸೂರಿ ಭತ್ತ, ಅಂಗಳದಲ್ಲಿ ಟ್ರ್ಯಾಕ್ಟರ್. ಪಹಣಿ ಅಪ್ಪನ ಹೆಸರಿನಲ್ಲಿ, ಟ್ರ್ಯಾಕ್ಟರ್ ಅಣ್ಣನ ಹೆಸರಿನಲ್ಲಿ, ಭತ್ತ ಮಾರಿದ ಪಟ್ಟಿ ಚಿಕ್ಕಪ್ಪನ ಹೆಸರಿನಲ್ಲಿ. ಮಗ ಅಫಿಡವಿಟ್‌ನಲ್ಲಿ ತನಗೆ ಏನೂ ಇಲ್ಲ, ಕೂಲಿ ಮಾಡುತ್ತೇನೆ ಎಂದು ಬರೆಯುತ್ತಾನೆ. ಕಾಗದದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಮೈಯಲ್ಲಿ ಶಕ್ತಿಯಿರುವ ಗಂಡಸು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಾಗಿ ಆದೇಶ ಆಗುತ್ತದೆ, ಆದರೆ ಕೂಲಿಯವನ ಲೆಕ್ಕದಲ್ಲಿ. ಆ ಗದ್ದೆಯಲ್ಲಿ ಅವಳೂ ಹತ್ತು ವರ್ಷ ಕಳೆ ಕಿತ್ತಿರುತ್ತಾಳೆ. ಸಂಸಾರ ನಡೆದ ಕಾಲದಲ್ಲಿ ಗಳಿಸಿದ್ದರಲ್ಲಿ ಹೆಂಡತಿಗೆ ಪಾಲು ಎಂಬ ಕಾನೂನು ಗೋವಾದಂಥ ಕೆಲವೆಡೆ ಬಿಟ್ಟರೆ ನಮ್ಮ ದೇಶದಲ್ಲಿಲ್ಲ. ಅವಳು ಹೊರಡುವಾಗ ಕೇಳಬಹುದಾದ್ದು ತಾನು ತಂದ ಒಡವೆ, ಪಾತ್ರೆ. ಒಡವೆ ಹೆಚ್ಚಿನಂಶ ಯಾವುದೋ ಬ್ಯಾಂಕಿನಲ್ಲಿ ಅಡವಿರುತ್ತದೆ.

ಆದೇಶವಾದ ಮೇಲೂ ಹಣ ಬರದಿದ್ದರೆ ವಸೂಲಿಗೆ ಮತ್ತೊಂದು ಅರ್ಜಿ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಾಗಿದ್ದು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿರುವ ಜೀವನಾಂಶದ ಕಾನೂನಿನಲ್ಲಿ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಕೇಳದಿದ್ದರೆ ಆ ಹಣಕ್ಕೆ ವಾರಂಟ್ ಇಲ್ಲ. ಎಂದರೆ ವರ್ಷ ವರ್ಷವೂ ಅವಳು ಬಸ್ಸು ಹತ್ತಬೇಕು. ಮುಸ್ಲಿಂ ಹೆಂಗಸರಿಗೂ ಈ ಕಲಮಿನ ಬಾಗಿಲು ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಇನ್ನೊಮ್ಮೆ ಸ್ಪಷ್ಟಪಡಿಸಿತು. ಕೌಲ್ ಬಜಾರಿನಲ್ಲಿ ಮನೆಯಲ್ಲೇ ಕೂತು ಜೀನ್ಸಿನ ದಾರ ಕತ್ತರಿಸುವವಳಿಗೂ ಅದೇ ಅರ್ಜಿ, ಅದೇ ವಾಯಿದೆ.

ನನಗೆ ಎಲ್ಲಕ್ಕಿಂತ ಅನ್ಯಾಯವಾಗಿ ಕಾಣುವುದು ಈ ಖರ್ಚನ್ನು ಒಂದು ಕಡೆಯವರು ಆಯುಧ ಮಾಡಿಕೊಳ್ಳುವುದು. ಇಬ್ಬರೂ ಒಪ್ಪಿದರೆ ವಿಚ್ಛೇದನ ಸುಲಭ. 1976ರಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ ಒಂದು ವರ್ಷ ಬೇರೆ ಇದ್ದು, ಜಂಟಿಯಾಗಿ ಅರ್ಜಿ ಹಾಕಿ, ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನೂ ಸೂಕ್ತ ಪ್ರಕರಣಗಳಲ್ಲಿ ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಒಪ್ಪಿಗೆ ಹುಟ್ಟುವುದು ಹೇಗೆ? ಹಣವಿದ್ದವರು ಎರಡು ವರ್ಷ ವಾಯಿದೆ ಕೇಳುತ್ತಾ ಹೋದರೆ ಸಾಕು. ಮೂರನೇ ವರ್ಷ ಎದುರಿನವಳು ತಾನಾಗಿಯೇ ಹೇಳುತ್ತಾಳೆ, “ಜೀವನಾಂಶಾನೂ ಬ್ಯಾಡ, ಒಡವಿನೂ ಬ್ಯಾಡ, ಸಹಿ ಹಾಕ್ಲಿ ಸಾಕು.” ದಾಖಲೆಯಲ್ಲಿ ಅದು ಪರಸ್ಪರ ಒಪ್ಪಿಗೆ. ಕೆಲವೊಮ್ಮೆ ಅನುಕೂಲಸ್ಥ ತವರಿನವರು ಬಡ ಅಳಿಯನನ್ನು ಹೀಗೆ ದಣಿಸುವುದೂ ಉಂಟು. ಯಾರು ಯಾರನ್ನು ದಣಿಸಿದರೂ ಅಲ್ಲಿ ತೀರ್ಪು ಕೊಟ್ಟದ್ದು ಹಣ.

ಮದುವೆಯ ಖರ್ಚನ್ನು ಇಳಿಸಲು ಈ ನಾಡು ಎಷ್ಟು ಪ್ರಯತ್ನ ಮಾಡಿದೆ! ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ನಮ್ಮ ಕಡೆಯ ಮಠಗಳಲ್ಲಿ, ಜಾತ್ರೆಗಳಲ್ಲಿ ತಾಳಿ, ಬಟ್ಟೆ, ಊಟ ಕೊಟ್ಟು ಮದುವೆ ಮಾಡಿಸುತ್ತಾರೆ. ಮುಜರಾಯಿ ಇಲಾಖೆ ಸಪ್ತಪದಿ ಎಂಬ ಯೋಜನೆಯನ್ನೇ ತಂದಿತು. ಇದೆಲ್ಲ ಪುಣ್ಯದ ಕೆಲಸ, ಬಡಪೋಷಕರನ್ನು ಸಾಲದಿಂದ ಕಾಪಾಡಿದ ಕೆಲಸ. ಅದೇ ಮದುವೆ ಮುರಿದಾಗ ಮಾತ್ರ ಆ ಹುಡುಗಿಯ ಜೊತೆ ನಿಲ್ಲುವವರು ಕಾಣುವುದಿಲ್ಲ. ಸಾಲ ಮಾಡಿ ಮದುವೆ ಮಾಡಿದವರ ಪಾಡು ಇನ್ನೂ ಕಷ್ಟ. ಮದುವೆ ಮುರಿದರೂ ಸಂಘದ ಸಾಲದ ಕಂತು, ಫೈನಾನ್ಸಿನ ಕಂತು ನಿಲ್ಲುವುದಿಲ್ಲ, ಅದರ ಮೇಲೆ ಕೋರ್ಟಿನ ಖರ್ಚಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ.

ಖರ್ಚು ಇಳಿಸುವುದು ಅಸಾಧ್ಯವೇನಲ್ಲ. ದಾರಿಗಳು ಅರ್ಧಕ್ಕರ್ಧ ಕಾನೂನಿನಲ್ಲೇ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಪ್ರತಿ ಹೆಂಗಸಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದ ಪ್ರತಿಯೊಬ್ಬರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. 15100ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಪ್ರಾಧಿಕಾರಕ್ಕೆ ಅಥವಾ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಬಹುದು. ಇದು ಗೊತ್ತಿರುವವರು ಕಡಿಮೆ. ಗೊತ್ತಿದ್ದವರೂ ಪುಕ್ಕಟೆ ವಕೀಲರು ಕೇಸು ಸರಿಯಾಗಿ ನಡೆಸುತ್ತಾರೆಯೇ ಎಂದು ಅನುಮಾನಿಸುತ್ತಾರೆ. ಆ ಅನುಮಾನ ಹೋಗಬೇಕೆಂದರೆ ಅಂಥ ವಕೀಲರಿಗೆ ಸರ್ಕಾರ ಕೊಡುವ ಸಂಭಾವನೆ ಗೌರವದ್ದಾಗಿರಬೇಕು. ಗೋಡೆಗೆ ಪೋಸ್ಟರ್ ಅಂಟಿಸುವುದಕ್ಕಿಂತ ಅದು ಮುಖ್ಯ.

ಇನ್ನೊಂದು, ದಾವೆ ಖರ್ಚು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ, ಸ್ವಂತ ಆದಾಯ ಸಾಲದವರಿಗೆ ಕೇಸು ನಡೆಸುವ ಖರ್ಚನ್ನು ಎದುರಿನವರಿಂದ ಕೊಡಿಸಬಹುದು. ಗಂಡನಿಗೂ ಈ ಹಕ್ಕಿದೆ ಎಂಬುದು ಗಮನಿಸಬೇಕಾದ ಮಾತು. ಇದನ್ನು ಅರವತ್ತು ದಿನದಲ್ಲಿ ನಿಜವಾಗಿಯೂ ಕೊಡಿಸಿದರೆ, ಬೇಕೆಂದೇ ಕೇಳುವ ಪ್ರತಿ ಮುಂದೂಡಿಕೆಗೆ ಎದುರಿನವರ ಆ ದಿನದ ಕೂಲಿ ಮತ್ತು ಬಸ್ ಖರ್ಚನ್ನು ಕೇಳಿದವರಿಂದಲೇ ಕಟ್ಟಿಸಿದರೆ, ಎಳೆಯುವ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಖರ್ಚು ಹಾಕುವ ಅಧಿಕಾರ ನ್ಯಾಯಾಧೀಶರ ಕೈಯಲ್ಲಿ ಈಗಲೇ ಇದೆ.

ವಾಯಿದೆಗಳನ್ನು ಒಟ್ಟುಗೂಡಿಸುವುದು ಅದಕ್ಕಿಂತ ಸುಲಭ. ಒಂದೇ ಜೋಡಿಯ ನಾಲ್ಕು ಕೇಸುಗಳನ್ನು ಒಂದೇ ದಿನ ಇಡಲಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರನ್ನೂ ಕರೆಸಿ ಸಂಜೆತನಕ ಜಗಲಿಯಲ್ಲಿ ಕೂರಿಸುವ ಬದಲು ಹೊತ್ತು ಗೊತ್ತು ಮಾಡಲಿ. ಸಾಕ್ಷಿ ಹೇಳುವ ದಿನ ಬಿಟ್ಟು ಬೇರೆ ದಿನ ಪಕ್ಷಗಾರರು ಬರಬೇಕೆನ್ನುವುದು ಬೇಡ, ಸಿರುಗುಪ್ಪದ ನ್ಯಾಯಾಲಯದಿಂದಲೇ ವಿಡಿಯೊ ಮೂಲಕ ಹಾಜರಾಗಲಿ. ಹೊಸ ತಾಲೂಕಾದ ಕುರುಗೋಡಿಗೆ ತಹಶೀಲ್ದಾರರ ಕಚೇರಿ ಬಂದಂತೆ ತಿಂಗಳಿಗೊಮ್ಮೆ ಕೌಟುಂಬಿಕ ನ್ಯಾಯಾಲಯವೂ ಬಂದು ಕೂರಲಿ. 2008ರ ಗ್ರಾಮ ನ್ಯಾಯಾಲಯಗಳ ಕಾಯ್ದೆಯಲ್ಲಿ ನ್ಯಾಯಾಧಿಕಾರಿ ಹಳ್ಳಿಗೇ ಹೋಗಿ ಜೀವನಾಂಶದ ಅರ್ಜಿ ಕೇಳುವ ಏರ್ಪಾಡಿದೆ. ಹಿರಿಯರ ಪಂಚಾಯ್ತಿಯ ಸಾಮೀಪ್ಯ, ಅದರ ವೇಗ ಜನರಿಗೆ ಬೇಕು. ಹೆಣ್ಣಿನ ಮಾತನ್ನೂ ಸಮನಾಗಿ ತೂಗುವ ಕೋರ್ಟಿನ ನ್ಯಾಯವೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಬಡವರಿಗೆ ಮಾತ್ರ ಹೇಳುತ್ತಾ ಬಂದಿದ್ದೇವೆ.

ಹೀಗೆ ಮಾಡಿದರೆ ವಿಚ್ಛೇದನಗಳ ಸಂಖ್ಯೆ ಏರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಏರುತ್ತದೆ. ಬಾಂಡ್ ಪೇಪರ್ ಬರೆಸಿಕೊಂಡು ಬೇರೆಯಾದವರು, ಹತ್ತು ವರ್ಷದಿಂದ ತವರಿನ ಪಡಸಾಲೆಯಲ್ಲಿ ಮಲಗುವವರು, ಹೆಂಡತಿ ಎಲ್ಲಿದ್ದಾಳೆಂದು ತಿಳಿಯದೆ ಇನ್ನೊಂದು ಮದುವೆಗೆ ಅಂಜುವವರು ಮೊದಲ ವರ್ಷಗಳಲ್ಲಿ ಒಟ್ಟಿಗೇ ಬರುತ್ತಾರೆ. ಪತ್ರಿಕೆಗಳಲ್ಲಿ ‘ಬಳ್ಳಾರಿಯಲ್ಲಿ ವಿಚ್ಛೇದನ ಹೆಚ್ಚಳ’ ಎಂಬ ಸುದ್ದಿಯೂ ಬರಬಹುದು. ಅವರ ಮದುವೆಗಳು ಆ ವರ್ಷ ಮುರಿದದ್ದಲ್ಲ, ಎಂದೋ ಮುರಿದಿದ್ದವು. ಹೊಸದಾಗಿ ಆಗುವುದು ಇಷ್ಟೇ: ಅವಳ ಹೆಸರಿನಲ್ಲಿ ಬೇರೆ ಪಡಿತರ ಚೀಟಿ ಆಗುತ್ತದೆ, ಮಗುವಿನ ಹಣ ಅವಳ ಖಾತೆಗೆ ಬರುತ್ತದೆ, ಅವನು ಹೆದರಿಕೆಯಿಲ್ಲದೆ ಇನ್ನೊಂದು ಸಂಸಾರ ಕಟ್ಟಿಕೊಳ್ಳುತ್ತಾನೆ.